ಚಿತ್ರದ ಹಿಂದಿನ ಅಳತೆ: ಬಾಹ್ಯಾಕಾಶ ದೂರದರ್ಶಕಗಳನ್ನು ತರಗತಿಗೆ ತರುವುದು ಹೇಗೆ?

ಬೆಂಗಳೂರಿನಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ

ಶಿಕ್ಷಕ ಬಂಧುಗಳೇ,

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ ಕರೀನಾ ನೀಹಾರಿಕೆಯ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಹಾಕಿದರೆ ಎಂಟನೇ ತರಗತಿಯ ಮಕ್ಕಳು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: “ಮಿಸ್, ಇದು ನಿಜವಾದ ಬಣ್ಣನಾ?” ಇನ್ನೊಬ್ಬ ಕೇಳುತ್ತಾನೆ: “ಅಷ್ಟು ದೂರ ಇದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?” ಈ ಎರಡು ಪ್ರಶ್ನೆಗಳೇ ಪಾಠ. ಚಿತ್ರ ಆ ಪಾಠಕ್ಕೆ ಬಾಗಿಲು ಮಾತ್ರ. ನಾವು ಸಾಮಾನ್ಯವಾಗಿ ಬಾಗಿಲು ತೋರಿಸಿ, “ನೋಡಿ ಮಕ್ಕಳೇ, ಎಷ್ಟು ಅದ್ಭುತ” ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋಗಿಬಿಡುತ್ತೇವೆ. ಅದ್ಭುತ ಎನ್ನುವುದು ಮಕ್ಕಳಿಗೆ ಮೊದಲೇ ಅನಿಸಿರುತ್ತದೆ, ನಾವು ಹೇಳಿಕೊಡಬೇಕಾಗಿಲ್ಲ. ಅವರಿಗೆ ಸಿಗದೇ ಹೋಗುವುದು ಆ ಚಿತ್ರದ ಹಿಂದಿರುವ ಅಳತೆ.

ಬಾಹ್ಯಾಕಾಶ ದೂರದರ್ಶಕದ ಪ್ರತಿಯೊಂದು ಶೋಧವೂ ಕೊನೆಗೆ ಒಂದು ಸಣ್ಣ ಅಳತೆಯ ಮೇಲೆ ನಿಂತಿರುತ್ತದೆ. ಬೆಳಕು ಎಷ್ಟು ಬಂತು, ಯಾವ ತರಂಗದೂರದಲ್ಲಿ ಬಂತು, ಯಾವಾಗ ಕಡಿಮೆಯಾಯಿತು, ಇಷ್ಟೇ. ಆ ಅಳತೆಯನ್ನು ಶಾಲೆಯ ಮೈದಾನದಲ್ಲಿ, ಒಂದು ಫೋನು, ಒಂದು ದೀಪ, ಒಂದಿಷ್ಟು ಬಣ್ಣದ ಹಾಳೆಗಳಿಂದ ಮಕ್ಕಳ ಕೈಯಲ್ಲೇ ಮಾಡಿಸಬಹುದು. ಬೆಂಗಳೂರಿನಂಥ ಊರಿಗೆ ಇದರಿಂದ ಇನ್ನೊಂದು ಅನುಕೂಲವೂ ಇದೆ. ಇಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ, ಉಳಿದ ತಿಂಗಳು ಬೀದಿದೀಪದ ಬೆಳಕು. ರಾತ್ರಿ ಆಕಾಶ ತೋರಿಸುತ್ತೇನೆಂದು ಕಾಯುತ್ತ ಕೂತರೆ ವರ್ಷವೇ ಮುಗಿಯುತ್ತದೆ. ಈಗ ಹೇಳುವ ಪ್ರಯೋಗಗಳೆಲ್ಲ ಹಗಲಿನ ನಲವತ್ತು ನಿಮಿಷದ ಪೀರಿಯಡ್ಡಿಗೆ ಹೊಂದುವಂಥವು.

ಮೊದಲು ಮೈದಾನಕ್ಕೆ ಹೋಗೋಣ. ದೂರದರ್ಶಕ ಎಲ್ಲಿದೆ ಎನ್ನುವುದು ಮಕ್ಕಳ ಮನಸ್ಸಿನಲ್ಲಿ ಕೂತಿಲ್ಲದಿದ್ದರೆ ಮುಂದಿನದ್ದೆಲ್ಲ ತೇಲಿ ಹೋಗುತ್ತದೆ. ಒಂದು ಸೆಂಟಿಮೀಟರಿಗೆ ಒಂದು ಲಕ್ಷ ಕಿಲೋಮೀಟರ್ ಎಂಬ ಅಳತೆ ಇಟ್ಟುಕೊಳ್ಳಿ. ಬೇರೆ ಅಳತೆಗಳಿಗಿಂತ ಇದು ಒಳ್ಳೆಯದು, ಏಕೆಂದರೆ ಲೆಕ್ಕವನ್ನು ಮಕ್ಕಳು ಬಾಯಲ್ಲೇ ಮಾಡುತ್ತಾರೆ. ಸೂರ್ಯ 14 ಸೆಂ.ಮೀ. ಅಗಲದ ಚೆಂಡಾಗುತ್ತಾನೆ. ದೇವನಹಳ್ಳಿಯ ಒಂದು ಚಕ್ಕೋತ ತಂದರೆ ಸರಿಯಾಗಿ ಕೂರುತ್ತದೆ. ಭೂಮಿ 1.3 ಮಿ.ಮೀ., ಅಂದರೆ ಸಣ್ಣ ಸಾಸಿವೆ. ಚಂದ್ರ ಮಿಲಿಮೀಟರಿನ ಮೂರನೇ ಒಂದು ಪಾಲು, ಚಿರೋಟಿ ರವೆಯ ಒಂದು ಕಾಳು. ಚಕ್ಕೋತದಿಂದ 15 ಮೀಟರ್ ದೂರಕ್ಕೆ ಅಳತೆ ಪಟ್ಟಿ ಹಿಡಿದು ಅಲ್ಲಿ ಸಾಸಿವೆ ಇಡಿ. ಸಾಸಿವೆಯಿಂದ 3.8 ಸೆಂ.ಮೀ. ದೂರದಲ್ಲಿ ರವೆ. ಗುರು ಗ್ರಹ 78 ಮೀಟರ್ ದೂರದಲ್ಲಿ ಒಂದು ಗೋಲಿ. ಮೈದಾನ ಅಷ್ಟು ದೊಡ್ಡದಿಲ್ಲದಿದ್ದರೆ ಗೇಟಿನ ಹೊರಗೆ ಬೆರಳು ತೋರಿಸಿದರೆ ಸಾಕು.

ಒಂದು ಎಚ್ಚರಿಕೆ: ಸಾಸಿವೆಯನ್ನು ನೆಲದ ಮೇಲೆ ಇಟ್ಟರೆ ಎರಡು ನಿಮಿಷದಲ್ಲಿ ಕಳೆದುಹೋಗುತ್ತದೆ. ಬಿಳಿ ಕಾರ್ಡಿನ ಮೇಲೆ ಅಂಟಿಸಿ, ಕಾರ್ಡನ್ನು ಸ್ಟೂಲಿನ ಮೇಲೆ ಇಡಿ.

ಈಗ ದೂರದರ್ಶಕಗಳು. ಹಬಲ್ ಭೂಮಿಯಿಂದ ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ನಮ್ಮ ಅಳತೆಯಲ್ಲಿ ಅದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ನೋಟ್‌ಬುಕ್ಕಿನ ಹಾಳೆಯ ಅರ್ಧ ದಪ್ಪ ಅಂದರೆ ಸರಿ. ಮಕ್ಕಳು ಇಲ್ಲಿ ಬೆಚ್ಚಿ ಬೀಳುತ್ತಾರೆ, ಏಕೆಂದರೆ ಹಬಲ್ ಎಲ್ಲೋ ನಕ್ಷತ್ರಗಳ ಹತ್ತಿರ ಹೋಗಿ ಚಿತ್ರ ತೆಗೆಯುತ್ತದೆ ಎಂಬ ಕಲ್ಪನೆ ಬಹುಪಾಲು ಮಕ್ಕಳಿಗೆ ಇರುತ್ತದೆ. ಅದು ಸಾಸಿವೆಗೆ ಅಂಟಿಕೊಂಡೇ ಇದೆ. ಮೇಲೆ ಹೋಗಿದ್ದು ಹತ್ತಿರವಾಗಲು ಅಲ್ಲ, ಗಾಳಿಯನ್ನು ದಾಟಲು. ನಮ್ಮ ದೇಶದ ಬಾಹ್ಯಾಕಾಶ ವೀಕ್ಷಣಾಲಯ ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದಲ್ಲಿ, ಅದೂ ಹೆಚ್ಚು ಕಡಿಮೆ ಅಲ್ಲೇ. ವೆಬ್ ಮಾತ್ರ 15 ಲಕ್ಷ ಕಿ.ಮೀ. ದೂರದಲ್ಲಿದೆ: ಸಾಸಿವೆಯಿಂದ 15 ಸೆಂ.ಮೀ., ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿನಲ್ಲಿ. ಅದೇ 15 ಸೆಂ.ಮೀ. ಸೂರ್ಯನ ಕಡೆಗೆ ಅಳೆದರೆ ಸೂರ್ಯನನ್ನು ನೋಡುವ ನಮ್ಮ ಆದಿತ್ಯ-ಎಲ್1. ಪಕ್ಕದ ನಕ್ಷತ್ರ ಪ್ರಾಕ್ಸಿಮಾ ಎಲ್ಲಿ ಎಂದು ಯಾರಾದರೂ ಕೇಳಲಿ, ಲೆಕ್ಕ ಅವರೇ ಮಾಡಲಿ: 4.24 ಜ್ಯೋತಿರ್ವರ್ಷ ಅಂದರೆ ಈ ಅಳತೆಯಲ್ಲಿ ಸುಮಾರು 4,000 ಕಿಲೋಮೀಟರ್. ಇಲ್ಲಿಂದ ದೆಹಲಿಗೆ ಹಾರಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ.

ಈ ನಕ್ಷೆಯ ಮೇಲೆಯೇ ಇನ್ನೊಂದು ಪಾಠ ಹೇಳಬಹುದು. ಹಬಲ್ 1990ರ ಏಪ್ರಿಲ್ 24ರಂದು ಹಾರಿತು. ಅದರ 2.4 ಮೀಟರ್ ಕನ್ನಡಿಯ ಅಂಚು ಬೇಕಾದದ್ದಕ್ಕಿಂತ ಸುಮಾರು 2.2 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹೆಚ್ಚು ಚಪ್ಪಟೆಯಾಗಿತ್ತು. ಕೂದಲೆಳೆಯ ದಪ್ಪದ ಮೂವತ್ತನೇ ಪಾಲೂ ಅಲ್ಲ. ಆದರೂ ಚಿತ್ರಗಳು ಮಸುಕಾದವು. ಕನ್ನಡಿಯನ್ನು ಉಜ್ಜುವಾಗ ಆಕಾರ ಪರೀಕ್ಷಿಸುತ್ತಿದ್ದ ಉಪಕರಣದಲ್ಲಿ ಒಂದು ಮಸೂರ ಇರಬೇಕಾದ ಜಾಗದಿಂದ 1.3 ಮಿ.ಮೀ. ತಪ್ಪಿ ಕೂತಿತ್ತು. ಕನ್ನಡಿಯನ್ನು ಆ ತಪ್ಪು ಅಳತೆಗೆ ಅತ್ಯಂತ ನಿಖರವಾಗಿ ಉಜ್ಜಿದ್ದರು. ಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದು: ಬೇರೆ ಎರಡು ಪರೀಕ್ಷೆಗಳಲ್ಲಿ ದೋಷ ಕಂಡಿತ್ತು. “ಆ ಉಪಕರಣಗಳು ಅಷ್ಟು ನಿಖರವಲ್ಲ” ಎಂದು ಅವನ್ನು ಪಕ್ಕಕ್ಕಿಟ್ಟರು. ಪ್ರಯೋಗಶಾಲೆಯಲ್ಲಿ ಮಕ್ಕಳು ಒಂದೇ ಥರ್ಮಾಮೀಟರ್ ಹಿಡಿದು ಉತ್ತರ ಬರೆಯುವಾಗ ಈ ಸಂಗತಿಯನ್ನು ನೆನಪಿಸಿ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು, 2009ರವರೆಗೆ ಒಟ್ಟು ಐದು ಸಲ ಹೋಗಿಬಂದರು. ಹಾಳೆಯ ಅರ್ಧ ದಪ್ಪದ ದೂರ, ಹೋಗಬಹುದು. 15 ಸೆಂ.ಮೀ. ಆಚೆಗಿನ ವೆಬ್ ಹತ್ತಿರ ರಿಪೇರಿಗೆ ಯಾರೂ ಹೋಗುವಂತಿಲ್ಲ. ರವೆ ಕಾಳಿನ ಆಚೆಗೆ ಮನುಷ್ಯ ಕಾಲಿಟ್ಟೇ ಇಲ್ಲ.

ಮೈದಾನದಲ್ಲಿ ಇದ್ದಾಗಲೇ ವೆಬ್‌ನ ಕನ್ನಡಿಯನ್ನು ರಂಗೋಲಿ ಪುಡಿಯಲ್ಲಿ ಬರೆಸಿ. ಒಟ್ಟು 18 ಷಟ್ಕೋನಗಳು. ಒಂದೊಂದರ ಎದುರು ಬದಿಗಳ ನಡುವಿನ ಅಗಲ 1.32 ಮೀಟರ್, ಹಾಗಾಗಿ ಒಂದು ಬದಿಯ ಉದ್ದ 76 ಸೆಂ.ಮೀ. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಳ್ಳಿ. ಫ್ರಿಜ್ಜಿನ ಡಬ್ಬದ ರಟ್ಟು ಸಾಕಾಗುತ್ತದೆ. ನಡುವೆ ಖಾಲಿ ಷಟ್ಕೋನ, ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು. ಒಂದು ಮೂಲೆಯಿಂದ ಶುರುಮಾಡಿ ಒಂದರ ಪಕ್ಕ ಒಂದು ಬರೆಯುತ್ತ ಹೋದರೆ ಪ್ರತಿ ಸಲ ಪುಡಿಯ ಗೆರೆಯ ದಪ್ಪದಷ್ಟು ತಪ್ಪು ಸೇರುತ್ತದೆ, ಹದಿನೆಂಟನೆಯದು ಜಾಗಕ್ಕೆ ಕೂರುವುದೇ ಇಲ್ಲ. ನಡುವಿನ ಖಾಲಿ ಷಟ್ಕೋನದಿಂದ ಶುರುಮಾಡಿ ಹೊರಕ್ಕೆ ಬಂದರೆ ತಪ್ಪು ಹಂಚಿಹೋಗುತ್ತದೆ. ನಿಜವಾದ ವೆಬ್‌ನಲ್ಲಿ ಈ ಹೊಂದಾಣಿಕೆ ಸುಮಾರು 50 ನ್ಯಾನೋಮೀಟರಿನ ಮಟ್ಟದ್ದು; ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್. ಬರೆದು ಮುಗಿದ ಮೇಲೆ ಪಕ್ಕದಲ್ಲಿ 2.4 ಮೀಟರಿನ ಹಬಲ್ ವೃತ್ತ ಬರೆಸಿ, ಎರಡರ ಒಳಗೂ ಮಕ್ಕಳನ್ನು ನಿಲ್ಲಿಸಿ. ಬೆಳಕು ಹಿಡಿಯುವ ವಿಸ್ತೀರ್ಣ ಸುಮಾರು ಆರು ಪಟ್ಟು ಹೆಚ್ಚು ಅನ್ನುವುದು ಆಗ ಕಾಲಿಗೇ ಗೊತ್ತಾಗುತ್ತದೆ.

ಚಿನ್ನದ ಲೆಕ್ಕವನ್ನೂ ಅಲ್ಲೇ ಮಾಡಿಸಿ. ಕನ್ನಡಿಯ ವಿಸ್ತೀರ್ಣ ಸುಮಾರು 25 ಚದರ ಮೀಟರ್, ಲೇಪದ ದಪ್ಪ 100 ನ್ಯಾನೋಮೀಟರ್, ಚಿನ್ನದ ಸಾಂದ್ರತೆ ಘನ ಸೆಂ.ಮೀ.ಗೆ 19.3 ಗ್ರಾಂ. ಗುಣಿಸಿದರೆ 48 ಗ್ರಾಂ ಬರುತ್ತದೆ. ಆರು ಸವರನ್. ಅಷ್ಟು ದೊಡ್ಡ ಕನ್ನಡಿಗೆ ಇಷ್ಟೇ ಚಿನ್ನವೇ ಎಂದು ಕೇಳುವ ಮಗು ಘಟಕಗಳನ್ನು ಪರಿವರ್ತಿಸುವುದನ್ನು ಇನ್ನು ಮರೆಯುವುದಿಲ್ಲ. ಚಿನ್ನವೇ ಏಕೆ? ಅವಕೆಂಪು ಬೆಳಕನ್ನು ಅದು ಬಹಳ ಚೆನ್ನಾಗಿ ಪ್ರತಿಫಲಿಸುತ್ತದೆ. ನೀಲಿಯನ್ನು ನುಂಗಿಬಿಡುತ್ತದೆ, ಅದಕ್ಕೇ ಹಳದಿಯಾಗಿ ಕಾಣುವುದು. ವೆಬ್ ನೋಡುವುದು 0.6ರಿಂದ 28.5 ಮೈಕ್ರಾನ್‌ವರೆಗೆ, ನೀಲಿ ಹೋದರೆ ಅದಕ್ಕೆ ನಷ್ಟವಿಲ್ಲ.

ಬಣ್ಣದ ಪ್ರಶ್ನೆ

ಹಿಂದಿನ ಬೆಂಚಿನ ಪ್ರಶ್ನೆಗೆ ಈಗ ಬರೋಣ. “ಇದು ಸುಳ್ಳು ಬಣ್ಣ” ಎಂದು ಹೇಳುವ ಅಭ್ಯಾಸ ನಮ್ಮಲ್ಲಿದೆ. ಆ ಮಾತನ್ನು ಬಿಟ್ಟುಬಿಡಬೇಕು. ಸುಳ್ಳು ಎಂದ ಕೂಡಲೇ ಮಗು ಇಡೀ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಬರೆದದ್ದು ಅಂದುಕೊಳ್ಳುತ್ತದೆ. ಹಾಡಿನ ಉದಾಹರಣೆ ಕೊಡಿ. ಶ್ರುತಿ ಇಳಿಸಿ ಹಾಡಿದರೂ ರಾಗ ಅದೇ, ಸ್ವರಗಳ ನಡುವಿನ ಸಂಬಂಧ ಅದೇ. ವೆಬ್‌ನ ಚಿತ್ರಗಳಲ್ಲಿ ಮಾಡುವುದೂ ಇದನ್ನೇ: ಅತಿ ಉದ್ದ ತರಂಗದೂರಕ್ಕೆ ಕೆಂಪು, ಅತಿ ಚಿಕ್ಕದಕ್ಕೆ ನೀಲಿ, ನಡುವಿನದಕ್ಕೆ ಹಸಿರು. ಕ್ರಮ ಕೆಡುವುದಿಲ್ಲ, ಇಡೀ ಸಾಲು ನಮ್ಮ ಕಣ್ಣಿನ ವ್ಯಾಪ್ತಿಗೆ ಇಳಿಯುತ್ತದೆ.

ಟಿ.ವಿ. ರಿಮೋಟಿನಿಂದ ಶುರುಮಾಡಿ. ಅದರ ತುದಿಯ ಎಲ್‌ಇಡಿ ಸುಮಾರು 940 ನ್ಯಾನೋಮೀಟರಿನ ಅವಕೆಂಪು ಬೆಳಕು ಬಿಡುತ್ತದೆ. ಗುಂಡಿ ಒತ್ತಿ ಕಣ್ಣಲ್ಲಿ ನೋಡಿದರೆ ಏನೂ ಇಲ್ಲ, ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಗಾಜು ಇರುವುದರಿಂದ ಎಷ್ಟೋ ಫೋನುಗಳಲ್ಲಿ ಕಾಣುವುದಿಲ್ಲ, ಸೆಲ್ಫಿ ಕ್ಯಾಮೆರಾ ಬಳಸಿ. ಈಗ ಕೇಳಿ: ಪರದೆಯ ಮೇಲೆ ಯಾವ ಬಣ್ಣ ಕಂಡಿತು? ಬಿಳಿ ಇಲ್ಲವೇ ಊದಾ. ಕೆಂಪಿಗಿಂತ ಆಚೆಗಿನ ಬೆಳಕು ಊದಾ ಆಗಿ ಕಂಡದ್ದು ಹೇಗೆ? ಕ್ಯಾಮೆರಾದ ಮೂರೂ ಬಣ್ಣದ ಕೋಶಗಳಿಗೆ ಆ ಬೆಳಕು ನುಗ್ಗಿತು, ಫೋನು ತನಗೆ ಗೊತ್ತಿದ್ದ ಬಣ್ಣ ಕೊಟ್ಟಿತು. ಬಣ್ಣ ಕೊಡುವುದು ಯಾವತ್ತೂ ಒಂದು ನಿರ್ಧಾರ ಎನ್ನುವುದು ಅಲ್ಲಿಗೆ ಸ್ಪಷ್ಟ.

ಆಮೇಲೆ ಚಿತ್ರವನ್ನೇ ಕಟ್ಟಿಸಿ. ಮೇಜಿನ ಮೇಲೆ ಒಂದು ಟೊಮ್ಯಾಟೊ, ಒಂದು ದೊಣ್ಣೆ ಮೆಣಸಿನಕಾಯಿ, ಒಂದು ಬಾಳೆಹಣ್ಣು, ಒಂದು ನೀಲಿ ಮುಚ್ಚಳ, ಪಕ್ಕದಲ್ಲಿ ಬಿಳಿ ಹಾಳೆಯ ತುಂಡು. ಫೋನನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಕೂರಿಸಿ, ಮೂರು ಸೆಕೆಂಡಿನ ಟೈಮರ್ ಇಡಿ. ಬೆರಳು ತಾಗಿದರೆ ಫೋನು ಅಲುಗುತ್ತದೆ. ಉಡುಗೊರೆ ಸುತ್ತುವ ಕೆಂಪು, ಹಸಿರು, ನೀಲಿ ಸೆಲೋಫೇನ್ ಹಾಳೆಗಳನ್ನು ಒಂದೊಂದಾಗಿ ಲೆನ್ಸಿನ ಮುಂದೆ ಹಿಡಿದು ಮೂರು ಫೋಟೋ ತೆಗೆಯಿರಿ. ಮೂರನ್ನೂ ಕಪ್ಪುಬಿಳುಪಾಗಿಸಿ, ಕಂಪ್ಯೂಟರಿನಲ್ಲಿ ಗಿಂಪ್ ಎಂಬ ಉಚಿತ ತಂತ್ರಾಂಶ ತೆರೆದು, ಕಲರ್ಸ್, ಕಾಂಪೊನೆಂಟ್ಸ್, ಕಂಪೋಸ್ ಎಂದು ಹೋದರೆ ಯಾವ ಚಿತ್ರಕ್ಕೆ ಯಾವ ಬಣ್ಣ ಎಂದು ಕೇಳುತ್ತದೆ. ಕೆಂಪು ಹಾಳೆಯ ಚಿತ್ರಕ್ಕೆ ಕೆಂಪು, ಹಸಿರಿಗೆ ಹಸಿರು, ನೀಲಿಗೆ ನೀಲಿ. ಒಪ್ಪಿಗೆ ಒತ್ತಿದಾಗ ಮೂರು ಬೂದು ಚಿತ್ರಗಳಿಂದ ಟೊಮ್ಯಾಟೊ ಕೆಂಪಗೆ ಎದ್ದು ಬರುವುದನ್ನು ಮಕ್ಕಳು ನೋಡಬೇಕು.

ಮೊದಲ ಸಲ ಇದು ಸರಿಯಾಗಿ ಬರುವುದಿಲ್ಲ, ಕಾರಣಗಳು ಇವು. ಫೋನು ತಾನೇ ಬೆಳಕು ಮತ್ತು ಬಿಳುಪನ್ನು ಸರಿಪಡಿಸಿಕೊಳ್ಳುತ್ತದೆ. ಕೆಂಪು ಹಾಳೆ ಹಿಡಿದರೆ “ಇಲ್ಲಿ ಕೆಂಪು ಜಾಸ್ತಿ” ಎಂದು ಕಡಿಮೆ ಮಾಡಿಬಿಡುತ್ತದೆ. ಕ್ಯಾಮೆರಾದ ‘ಪ್ರೊ’ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್, ಐಎಸ್‌ಒ, ಫೋಕಸ್ ಮೂರನ್ನೂ ಕೈಯಿಂದ ಕೂರಿಸಿ. ಎಕ್ಸ್‌ಪೋಷರ್ ಅವಧಿಯನ್ನು ಮಾತ್ರ ಹಾಳೆಗೆ ತಕ್ಕಂತೆ ಬದಲಿಸಿ: ಬಿಳಿ ತುಂಡು ಮೂರು ಚಿತ್ರದಲ್ಲೂ ಒಂದೇ ಬೂದು ಮಟ್ಟದಲ್ಲಿ ಬರಬೇಕು. ಇನ್ನೊಂದು, ಅಂಗಡಿಯ ನೀಲಿ ಹಾಳೆ ಕೆಂಪನ್ನೂ ಒಂದಿಷ್ಟು ಸೋರಿಸುತ್ತದೆ, ಟೊಮ್ಯಾಟೊ ನೇರಳೆಯಾಗುತ್ತದೆ. ಎರಡು ಮೂರು ಮಡಿಕೆ ಹಾಕಿ. ಕಿಟಕಿಯ ಬೆಳಕಿನಲ್ಲಿ ಮಾಡಬೇಡಿ, ಎರಡನೇ ಫೋಟೋದ ಹೊತ್ತಿಗೆ ಮೋಡ ಬಂದರೆ ಅಷ್ಟೂ ಕೆಡುತ್ತದೆ. ಫೋನು ಸರಿದಿದ್ದರೆ ವಸ್ತುಗಳ ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಗೆರೆ ಬರುತ್ತದೆ. ಈ ತಪ್ಪನ್ನು ಅಳಿಸಬೇಡಿ, ಇಟ್ಟುಕೊಳ್ಳಿ. ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದಲ್ಲಿ ಇದೇ ತೊಂದರೆ ಇದೆ: ಉಪಗ್ರಹ ನಿಧಾನವಾಗಿ ವಾಲಾಡುತ್ತಲೇ ಇರುತ್ತದೆ. ಅದಕ್ಕಾಗಿ ಸೆಕೆಂಡಿಗೆ ಸುಮಾರು 29 ಚೌಕಟ್ಟು ತೆಗೆದು, ಎಷ್ಟು ಸರಿಯಿತು ಎಂದು ಲೆಕ್ಕ ಹಾಕಿ, ಅಷ್ಟನ್ನು ಹಿಂದಕ್ಕೆ ಸರಿಸಿ ಒಂದರ ಮೇಲೊಂದು ಕೂಡಿಸುತ್ತಾರೆ.

ಇದಾದ ಮೇಲೆ ಹಬಲ್ 1995ರಲ್ಲಿ ತೆಗೆದ ‘ಸೃಷ್ಟಿಯ ಸ್ತಂಭಗಳು’ ಚಿತ್ರ ತೋರಿಸಿ. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಹೈಡ್ರೋಜನ್ನಿನ ಆ ಬೆಳಕು 656 ನ್ಯಾನೋಮೀಟರ್, ಕಣ್ಣಿಗೆ ಕೆಂಪು. ಗಂಧಕದ್ದು 672ರ ಸುತ್ತ, ಅದೂ ಕೆಂಪು. ಎರಡಕ್ಕೂ ಕೆಂಪೇ ಕೊಟ್ಟಿದ್ದರೆ ಅನಿಲಗಳು ಎಲ್ಲಿ ಬೇರೆಯಾಗುತ್ತವೆ ಎಂದು ಗೊತ್ತೇ ಆಗುತ್ತಿರಲಿಲ್ಲ. ನಕ್ಷೆಯಲ್ಲಿ ತಾಲ್ಲೂಕುಗಳಿಗೆ ಬೇರೆ ಬೇರೆ ಬಣ್ಣ ಹಚ್ಚುವ ಹಾಗೆ ಇದು. ಬಣ್ಣಕ್ಕೆ ಅರ್ಥ ಇದೆ, ಆ ಅರ್ಥವನ್ನು ಚಿತ್ರದ ಜೊತೆ ಬರೆದಿರುತ್ತಾರೆ. ನಾವು ಸ್ಲೈಡಿಗೆ ಹಾಕುವಾಗ ಆ ವಿವರಣೆಯನ್ನು ಕತ್ತರಿಸಿಬಿಡುತ್ತೇವೆ, ಹಾಗೆ ಮಾಡಬಾರದು.

ದೀಪ ಮಂಕಾದಾಗ

ಬೇರೆ ನಕ್ಷತ್ರಗಳ ಗ್ರಹಗಳನ್ನು ಪತ್ತೆ ಮಾಡಿದ ಕೆಪ್ಲರ್ ದೂರದರ್ಶಕ ಒಂದೂ ಗ್ರಹದ ಚಿತ್ರ ತೆಗೆಯಲಿಲ್ಲ. 2009ರ ಮಾರ್ಚಿನಲ್ಲಿ ಹಾರಿ, ನಾಲ್ಕು ವರ್ಷ ಆಕಾಶದ ಒಂದೇ ತುಂಡನ್ನು ದಿಟ್ಟಿಸುತ್ತ, ಸುಮಾರು 1.5 ಲಕ್ಷ ನಕ್ಷತ್ರಗಳ ಬೆಳಕನ್ನು ಅಳೆಯುತ್ತ ಕೂತಿತ್ತು. ಗ್ರಹ ಅಡ್ಡ ಬಂದರೆ ಬೆಳಕು ಚೂರು ಕಡಿಮೆಯಾಗುತ್ತದೆ, ಅದೇ ಸಂಕ್ರಮ. ಅಷ್ಟರಿಂದಲೇ 2,600ಕ್ಕೂ ಹೆಚ್ಚು ಗ್ರಹಗಳು ಖಚಿತವಾದವು.

ಇದಕ್ಕೆ ಬೇಕಾದದ್ದು: ಗೇಟಿನ ಕಂಬದ ಮೇಲೆ ಹಾಕುವ ಆರು ಇಂಚಿನ ಹಾಲುಬಣ್ಣದ ಗೋಳದ ದೀಪ, ಒಳಗೆ 9 ವ್ಯಾಟಿನ ಎಲ್‌ಇಡಿ ಬಲ್ಬು. 3 ಸೆಂ.ಮೀ. ಅಗಲದ ಚೆಂಡು, ಕಪ್ಪು ಬಣ್ಣ ಬಳಿದು ತೆಳು ದಾರದಲ್ಲಿ ತೂಗುಬಿಟ್ಟದ್ದು. ಕಡ್ಡಿಗೆ ಚುಚ್ಚಿದರೆ ಕಡ್ಡಿಯೂ ಬೆಳಕು ತಡೆಯುತ್ತದೆ. ಒಂದು ಆಂಡ್ರಾಯ್ಡ್ ಫೋನು, ಅದರಲ್ಲಿ ಫೈಫಾಕ್ಸ್ ಎಂಬ ಉಚಿತ ಆ್ಯಪ್. ಐಫೋನಿನಲ್ಲಿ ಬೆಳಕಿನ ಸಂವೇದಕದ ಅಳತೆ ಈ ಆ್ಯಪಿಗೆ ಸಿಗುವುದಿಲ್ಲ. ಸಂವೇದಕ ಸಾಮಾನ್ಯವಾಗಿ ಸೆಲ್ಫಿ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಬೆರಳಿನಿಂದ ಮುಚ್ಚುತ್ತ ಹೋಗಿ, ಅಂಕಿ ಎಲ್ಲಿ ಬೀಳುತ್ತದೋ ಅದೇ ಜಾಗ. ಫೋನನ್ನು ಗೋಳದಿಂದ ಒಂದು ಮೀಟರ್ ದೂರದಲ್ಲಿ, ಗೋಳದ ಎತ್ತರಕ್ಕೇ ನಿಲ್ಲಿಸಿ.

ಚೆಂಡಿನ ಅಗಲ ಗೋಳದ ಐದನೇ ಒಂದು ಪಾಲು. ತಡೆಯುವುದು ವಿಸ್ತೀರ್ಣ, ಹಾಗಾಗಿ ಇಪ್ಪತ್ತೈದನೇ ಒಂದು ಪಾಲು, ಶೇ 4. ದೀಪದ ಅಂಕಿ 300 ಲಕ್ಸ್ (ಬೀಳುವ ಬೆಳಕನ್ನು ಅಳೆಯುವ ಘಟಕ) ಇದ್ದರೆ ಚೆಂಡು ಹಾಯುವಾಗ 288ಕ್ಕೆ ಇಳಿಯಬೇಕು. ಇದನ್ನು ಮೊದಲೇ ಬೋರ್ಡಿನ ಮೇಲೆ ಬರೆಸಿ, ಆಮೇಲೆ ಅಳೆಯಿರಿ.

ಅಂಕಿ ಹೊಂದುವುದಿಲ್ಲ. ಇಲ್ಲೇ ನಿಜವಾದ ಪಾಠ ಶುರು. ಚೆಂಡನ್ನು ಗೋಳದ ನಡುವಿನಿಂದ 20 ಸೆಂ.ಮೀ. ಮುಂದೆ ತೂಗಿಸಿದ್ದರೆ ಫೋನಿನ ಕಡೆಯಿಂದ ಅದು ದೊಡ್ಡದಾಗಿ ಕಾಣುತ್ತದೆ, ಗೋಳದ ಕಾಲು ಅಗಲದಷ್ಟು. ತಡೆ ಶೇ 6ಕ್ಕೂ ಮೇಲೆ ಹೋಗಿ 281ರ ಹತ್ತಿರ ಇಳಿಯುತ್ತದೆ. ಫೋನನ್ನು ಎರಡು ಮೀಟರಿಗೆ ಒಯ್ದರೆ ತಡೆ ಶೇ 5ಕ್ಕೆ ಬರುತ್ತದೆ, ಆದರೆ ಬೆಳಕೇ ನಾಲ್ಕನೇ ಒಂದಾಗಿ 75 ಲಕ್ಸ್ ಉಳಿಯುತ್ತದೆ. ಸಂವೇದಕ ಒಂದೊಂದು ಲಕ್ಸಿನ ಮೆಟ್ಟಿಲಲ್ಲಿ ಅಳೆಯುವುದಾದರೆ ಒಂದು ಮೆಟ್ಟಿಲೇ ಶೇ 1.3. ಒಂದು ಕಡೆ ಗಳಿಸಿದರೆ ಇನ್ನೊಂದು ಕಡೆ ಕಳೆದುಕೊಳ್ಳುತ್ತೀರಿ. ನಿಜವಾದ ನಕ್ಷತ್ರದ ವಿಷಯದಲ್ಲಿ ಈ ತೊಡಕಿಲ್ಲ: ನಕ್ಷತ್ರವೂ ಗ್ರಹವೂ ನಮ್ಮಿಂದ ಒಂದೇ ದೂರದಲ್ಲಿವೆ ಎನ್ನಬಹುದು.

ಎರಡನೇ ತಪ್ಪು ಗೋಡೆಯದು. ಬಿಳಿ ಗೋಡೆಯಿಂದ ಮರಳಿ ಬಂದ ಬೆಳಕು 100 ಲಕ್ಸ್ ಸೇರಿಸಿದ್ದರೆ 400ರಿಂದ 388ಕ್ಕೆ ಇಳಿಯುತ್ತದೆ, ಅಂದರೆ ಬರೀ ಶೇ 3. ಮಗು ಗ್ರಹವನ್ನು ಚಿಕ್ಕದು ಎಂದು ಬರೆಯುತ್ತದೆ. ಕಪ್ಪು ಚಾರ್ಟ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಸಂವೇದಕದ ಮುಂದೆ ಇಟ್ಟರೆ ಸರಿಹೋಗುತ್ತದೆ, ಆದರೆ ಕೊಳವೆ ಗೋಳದ ಅಂಚನ್ನು ಮರೆಮಾಡಬಾರದು. ಕೆಪ್ಲರ್‌ಗೂ ಇದೇ ಕಾಟ ಇತ್ತು: ಒಂದೇ ಚುಕ್ಕೆಯೊಳಗೆ ಪಕ್ಕದ ನಕ್ಷತ್ರದ ಬೆಳಕೂ ಸೇರಿದರೆ ಗ್ರಹದ ಗಾತ್ರ ತಪ್ಪಾಗುತ್ತದೆ. ವೋಲ್ಟೇಜು ಏರಿಳಿದರೆ ಗೆರೆ ಅಲೆಯುತ್ತದೆ. ಆಗ ಚೆಂಡನ್ನು ಒಂದೇ ಸಲ ಅಲ್ಲ, ಸಮ ಅಂತರದಲ್ಲಿ ಐದಾರು ಸಲ ಹಾಯಿಸಿ. ಕರೆಂಟಿನ ಕುಸಿತ ಯಾವಾಗೆಂದರೆ ಆವಾಗ ಬರುತ್ತದೆ, ಗ್ರಹದ್ದು ಮಾತ್ರ ಗಡಿಯಾರದ ಹಾಗೆ ಬರುತ್ತದೆ. ಕೆಪ್ಲರ್‌ಗೆ ಕನಿಷ್ಠ ಮೂರು ಸಂಕ್ರಮ ಬೇಕು ಎಂಬ ನಿಯಮ ಇದ್ದದ್ದು ಇದಕ್ಕೇ.

ಈಗ ನಿಜವಾದ ಅಂಕಿಗಳು. ಗುರುವಿನಂಥ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಬಂದರೆ ಶೇ 1. ಭೂಮಿಯಂಥದ್ದು ಬಂದರೆ? ಸೂರ್ಯನ ಅಗಲ ಭೂಮಿಯ 109 ಪಟ್ಟು, 109ರ ವರ್ಗ ಸುಮಾರು 11,900. ಅಂದರೆ ಶೇ 0.0084. ಅದೂ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ 13 ಗಂಟೆ. ಇದರ ಮೇಲೆ ಆ ಗ್ರಹದ ಕಕ್ಷೆ ನಮ್ಮ ದೃಷ್ಟಿಗೆ ನೇರವಾಗಿ ಇರುವ ಸಾಧ್ಯತೆ 215ಕ್ಕೆ ಒಂದು. ಆ 1.5 ಲಕ್ಷವೂ ಸೂರ್ಯನಂಥವೇ ಆಗಿದ್ದು, ಒಂದೊಂದರ ಸುತ್ತಲೂ ಭೂಮಿಯಂಥದ್ದೊಂದು ಇದ್ದಿದ್ದರೂ ಅಡ್ಡ ಬರುವುದು 700ರಷ್ಟು ಮಾತ್ರ. ಅಷ್ಟೊಂದು ನಕ್ಷತ್ರಗಳನ್ನು ಒಟ್ಟಿಗೆ ಏಕೆ ನೋಡಬೇಕಾಯಿತು ಎನ್ನುವುದಕ್ಕೆ ಇದೇ ಉತ್ತರ.

ರೋಹಿತದ ಬಗ್ಗೆ, ಅಂದರೆ ಬೆಳಕನ್ನು ತರಂಗದೂರಗಳಾಗಿ ಬಿಡಿಸಿ ನೋಡುವುದರ ಬಗ್ಗೆ, ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಡಿವಿಡಿ ತುಂಡಿನ ರೋಹಿತದರ್ಶಕ ಬಹಳ ಶಾಲೆಗಳಲ್ಲಿ ಈಗಾಗಲೇ ಮಾಡಿಸುತ್ತಾರೆ. ಎರಡು ಬ್ಲೇಡುಗಳ ನಡುವಿನ ಸೀಳು ಅರ್ಧ ಮಿಲಿಮೀಟರಿಗಿಂತ ಅಗಲವಾದರೆ ಗೆರೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಊರಿನ ಬೀದಿದೀಪಗಳು ಎಲ್‌ಇಡಿ ಆಗುತ್ತ ಬಂದಂತೆ ಗೆರೆ ತೋರಿಸುವ ಬೆಳಕು ಅಪರೂಪವಾಗುತ್ತಿದೆ, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಒಂದನ್ನು ಎತ್ತಿಡಿ: ಪಾದರಸದ 546ರ ಹಸಿರು, 436ರ ನೀಲಿ ಗೆರೆಗಳು ಸ್ಪಷ್ಟ. ಇದನ್ನು ಸಂಕ್ರಮಕ್ಕೆ ಜೋಡಿಸಿ. 2022ರಲ್ಲಿ ವೆಬ್, 700 ಜ್ಯೋತಿರ್ವರ್ಷ ದೂರದ ವಾಸ್ಪ್-39ಬಿ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡ್ ಕಂಡದ್ದು ಹೀಗೆ: 4.3 ಮೈಕ್ರಾನ್ ಸುತ್ತ ಮಾತ್ರ ನಕ್ಷತ್ರ ಚೂರು ಹೆಚ್ಚು ಮಂಕಾಯಿತು. ಆ ತರಂಗದೂರದಲ್ಲಿ ಗ್ರಹದ ಗಾಳಿ ಪಾರದರ್ಶಕವಲ್ಲ, ಆದ್ದರಿಂದ ಗ್ರಹ ದಪ್ಪಗಾಗಿ ಕಂಡಿತು.

ಎಣಿಸುವುದು ಮತ್ತು ಹಿಗ್ಗುವುದು

1995ರ ಡಿಸೆಂಬರಿನಲ್ಲಿ ಹಬಲ್ ಅನ್ನು ಸಪ್ತರ್ಷಿ ಮಂಡಲದ ಹತ್ತಿರ ಏನೂ ಕಾಣದ ಒಂದು ಜಾಗಕ್ಕೆ ಹತ್ತು ದಿನ ತಿರುಗಿಸಿಟ್ಟರು. 342 ಸಲ ಬೆಳಕು ಹಿಡಿದು ಕೂಡಿಸಿದರು. ಚಾಚಿದ ಕೈಯಲ್ಲಿ ಹಿಡಿದ ಗುಂಡುಪಿನ್ನಿನ ಕಡ್ಡಿಯಷ್ಟು ಅಗಲದ ಆಕಾಶದಲ್ಲಿ ಸುಮಾರು 3,000 ಗೆಲಾಕ್ಸಿಗಳು. ಈ ಚಿತ್ರವನ್ನು ಎ3 ಹಾಳೆಯಲ್ಲಿ ಮುದ್ರಿಸಿ ಹತ್ತಕ್ಕೆ ಹತ್ತು ಚೌಕ ಎಳೆಯಿರಿ, ಚೀಟಿ ಎತ್ತಿ ಐದು ಚೌಕ ಆರಿಸಿ, ಇಬ್ಬಿಬ್ಬರು ಮಕ್ಕಳು ಬೇರೆ ಬೇರೆಯಾಗಿ ಎಣಿಸಲಿ. ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಖಾಲಿ ಇದೆ; ಆ ಚೌಕಗಳನ್ನು ಮೊದಲೇ ಹೊಡೆದುಹಾಕಿ, ಇಲ್ಲವಾದರೆ ಸರಾಸರಿ ಕೆಡುತ್ತದೆ. ಶಿಲುಬೆಯಂತೆ ಗೆರೆ ಹೊಮ್ಮುವವು ನಮ್ಮದೇ ಗೆಲಾಕ್ಸಿಯ ನಕ್ಷತ್ರಗಳು, ಅವನ್ನು ಬಿಡಬೇಕು. ಒಬ್ಬರಿಗೆ 20, ಇನ್ನೊಬ್ಬರಿಗೆ 35 ಬಂದರೆ ಗಾಬರಿಯಾಗಬೇಡಿ. ಮಸುಕಾದ ಚುಕ್ಕೆಯನ್ನು ಎಲ್ಲಿಯವರೆಗೆ ಲೆಕ್ಕಕ್ಕೆ ಹಿಡಿಯಬೇಕು ಎಂದು ಇಬ್ಬರೂ ಒಪ್ಪಿಕೊಂಡು ಮತ್ತೆ ಎಣಿಸಲಿ. ಮುದ್ರಣದ ಕಪ್ಪಿನಲ್ಲಿ ಮಸುಕಾದವು ಮುಳುಗುವುದರಿಂದ 3,000ಕ್ಕಿಂತ ಬಹಳ ಕಡಿಮೆ ಬರುತ್ತದೆ, ಅದನ್ನು ಹಾಗೆಯೇ ಬರೆಯಲಿ. ಇಡೀ ಆಕಾಶದ ಸುಮಾರು 2.4 ಕೋಟಿಯಲ್ಲಿ ಒಂದು ಪಾಲು ಇದು. 3,000ದಿಂದ ಗುಣಿಸಿದರೆ 7,200 ಕೋಟಿ ಗೆಲಾಕ್ಸಿಗಳು, ಅದೂ ಹಬಲ್‌ಗೆ ಆವತ್ತು ಕಂಡಷ್ಟರ ಲೆಕ್ಕದಲ್ಲಿ.

ವಿಶ್ವ ಹಿಗ್ಗುವುದಕ್ಕೆ ಬಲೂನು ಎಲ್ಲರೂ ಬಳಸುತ್ತಾರೆ. ಪೆನ್ನಿನಲ್ಲಿ ಚುಕ್ಕೆ ಇಟ್ಟರೆ ಚುಕ್ಕೆಯೂ ಹಿಗ್ಗುತ್ತದೆ, ಮಕ್ಕಳು ಗೆಲಾಕ್ಸಿಯೂ ದೊಡ್ಡದಾಗುತ್ತದೆ ಎಂದು ಕಲಿಯುತ್ತಾರೆ. ಹಣೆಗಿಡುವ ಸ್ಟಿಕರ್ ಬೊಟ್ಟು ಅಂಟಿಸಿ: ಬೊಟ್ಟು ಹಾಗೇ ಇರುತ್ತದೆ, ನಡುವಿನ ರಬ್ಬರ್ ಮಾತ್ರ ಹಿಗ್ಗುತ್ತದೆ. ಆದರೆ ಅಳತೆಗೆ ಬಲೂನು ಬೇಡ, ಟೈಲರ್ ಅಂಗಡಿಯ ಎಲಾಸ್ಟಿಕ್ ಪಟ್ಟಿ ತನ್ನಿ. ಎರಡು ತುದಿಯಲ್ಲೂ 5 ಸೆಂ.ಮೀ. ಬಿಟ್ಟು, ಏಕೆಂದರೆ ಹಿಡಿದ ಕಡೆ ಅದು ಸಮನಾಗಿ ಹಿಗ್ಗುವುದಿಲ್ಲ, 0, 10, 20, 30, 40 ಸೆಂ.ಮೀ.ಗೆ ಗುರುತು ಮಾಡಿ. ಒಂದೂವರೆ ಪಟ್ಟು ಎಳೆದರೆ 10 ಇದ್ದದ್ದು 15ಕ್ಕೆ, 40 ಇದ್ದದ್ದು 60ಕ್ಕೆ ಹೋಗುತ್ತದೆ. ಹತ್ತಿರದ್ದು 5 ಸರಿದ ಹೊತ್ತಿನಲ್ಲೇ ದೂರದ್ದು 20 ಸರಿಯಿತು. ಸೊನ್ನೆಯನ್ನು ಬೇರೆ ಗುರುತಿಗೆ ಬದಲಿಸಿ ಮತ್ತೆ ಅಳೆಸಿ, ಅಲ್ಲಿಂದಲೂ ಹಾಗೇ ಕಾಣುತ್ತದೆ. ಈಗ ಅದೇ ಪಟ್ಟಿಯ ಮೇಲೆ 2 ಸೆಂ.ಮೀ. ತರಂಗದೂರದ ಅಲೆಯೊಂದನ್ನು ಬರೆದು ಎಳೆಯಿರಿ, 3 ಸೆಂ.ಮೀ. ಆಗುತ್ತದೆ. ದಾರಿಯಲ್ಲಿ ಬೆಳಕು ಹಿಗ್ಗುವುದು ಹೀಗೆ, ಕೆಂಪು ಪಲ್ಲಟ ಅಂದರೆ ಇದು. ಒಂದು ಮಾತು: ಇಂಥ ಗೆಲಾಕ್ಸಿಗಳಿಗೆ “ಇಷ್ಟು ಜ್ಯೋತಿರ್ವರ್ಷ ದೂರ” ಎನ್ನುವ ಬದಲು “ಬೆಳಕು ಹೊರಟು ಇಷ್ಟು ವರ್ಷ” ಎನ್ನಿ. ಬೆಳಕು ಬರುವಷ್ಟರಲ್ಲಿ ಪಟ್ಟಿಯೇ ಹಿಗ್ಗಿರುತ್ತದೆ, ದೂರ ಎಂದರೆ ಯಾವತ್ತಿನ ದೂರ ಎಂಬ ಪ್ರಶ್ನೆ ಬರುತ್ತದೆ.

ಕೊನೆಯ ಹತ್ತು ನಿಮಿಷ ಬೋರ್ಡಿನ ಮೇಲೆ ತರಂಗದೂರದ ಉದ್ದನೆಯ ಗೆರೆ ಎಳೆಯಿರಿ. 100 ನ್ಯಾನೋಮೀಟರಿನಿಂದ 28,500ರವರೆಗೆ. ಪ್ರತಿ ಹತ್ತು ಪಟ್ಟಿಗೂ ಸಮ ಅಂತರ ಇಡಬೇಕು, ಇಲ್ಲವಾದರೆ ಕಣ್ಣಿಗೆ ಕಾಣುವ ಬೆಳಕೆಲ್ಲ ಮೂಲೆಯಲ್ಲಿ ಒಂದು ಚುಕ್ಕೆಯಾಗುತ್ತದೆ. 400ರಿಂದ 700 ಕಣ್ಣು. 940 ರಿಮೋಟು. ಹಬಲ್‌ನ ಗಡಿ 1,700. ವೆಬ್ 600ರಿಂದ ಕೊನೆಯವರೆಗೆ. ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಯುವಿಐಟಿಯ ದೂರ-ಅತಿನೇರಳೆ ಕಿಟಕಿ 130ರಿಂದ 180. ಇದು 38 ಸೆಂ.ಮೀ. ಅಗಲದ ಎರಡು ದೂರದರ್ಶಕಗಳ ಜೋಡಿ, ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಜೋಡಿಸಿ ಪರೀಕ್ಷಿಸಿದ್ದು. 2015ರ ಸೆಪ್ಟೆಂಬರ್ 28ರಂದು ಹಾರಿದ ಮೇಲೂ ಸುಮಾರು ಎರಡು ತಿಂಗಳು ಮುಚ್ಚಳ ತೆರೆಯಲಿಲ್ಲ. ಉಪಗ್ರಹದ ಬಣ್ಣ, ಅಂಟು, ಪ್ಲಾಸ್ಟಿಕ್ಕಿನಿಂದ ಹೊರಬರುವ ಆವಿ ಕನ್ನಡಿಯ ಮೇಲೆ ಕೂತರೆ ತೀರಾ ತೆಳುವಾದ ಪದರವೂ ಅತಿನೇರಳೆಯನ್ನು ನುಂಗುತ್ತದೆ. ಅದು ಆರಿಹೋಗಲಿ ಎಂದು ಕಾದರು.

ಈಗ ಮಕ್ಕಳಿಗೆ ಎರಡು ಲೆಕ್ಕ ಕೊಡಿ. ಮೊದಲನೆಯದು, ವೆಬ್ ಕಂಡ ಜೇಡ್ಸ್-ಜಿಎಸ್-ಝಡ್14-0, ಬಿಗ್ ಬ್ಯಾಂಗ್ ಆಗಿ 30 ಕೋಟಿ ವರ್ಷದೊಳಗೇ ಇದ್ದ ಗೆಲಾಕ್ಸಿ. ಅದರ ಬೆಳಕು 15.2 ಪಟ್ಟು ಹಿಗ್ಗಿದೆ. ಹೈಡ್ರೋಜನ್ನಿನ 121.6 ನ್ಯಾನೋಮೀಟರಿನ ಗುರುತು ಎಲ್ಲಿಗೆ ಬಂತು? ಎರಡನೆಯದು, 2020ರಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಹಾ ನೇತೃತ್ವದ ತಂಡ ಆಸ್ಟ್ರೋಸ್ಯಾಟ್‌ನಲ್ಲಿ ಕಂಡ ಎಯುಡಿಎಫ್ಎಸ್01 ಎಂಬ ಗೆಲಾಕ್ಸಿ. ಬೆಳಕು ಹೊರಟು 930 ಕೋಟಿ ವರ್ಷ, ಹಿಗ್ಗಿದ್ದು 2.42 ಪಟ್ಟು. ಸುಮಾರು 60 ನ್ಯಾನೋಮೀಟರಿನಲ್ಲಿ ಹೊರಟದ್ದು ಎಲ್ಲಿಗೆ ತಲುಪಿತು? ಗುಣಿಸಿ, ಬೋರ್ಡಿಗೆ ಬಂದು, ಗೆರೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮೊದಲನೆಯದು 1,850ರ ಹತ್ತಿರ, ಹಬಲ್‌ನ ಗಡಿಯಿಂದ ಸ್ವಲ್ಪವೇ ಆಚೆ, ವೆಬ್‌ನ ಪಾಲಿಗೆ ಬೀಳುತ್ತದೆ. ಎರಡನೆಯದು 145, ಹೊಸಕೋಟೆಯಲ್ಲಿ ಜೋಡಿಸಿದ ಕನ್ನಡಿಗಳ ಕಿಟಕಿಯೊಳಗೆ.